ಒಂದೇ ಸ್ವಿಚ್‌ನಿಂದ ಕನ್ನಡ ಬರೆಯುವುದು: ತಪ್ಪು ಅಕ್ಷರ ಬೀಳುತ್ತಿದೆ, ಎಲ್ಲಿ ಸರಿಪಡಿಸಬೇಕು?

ಹೊಂಬಿಸಿಲು:
ಎ.ಎಲ್.ಎಸ್. (ಸ್ನಾಯುಗಳ ಬಲ ಕ್ರಮೇಣ ಕುಗ್ಗುವ ನರರೋಗ) ಇರುವ ತಂದೆಯವರಿಗೆ ಮಾತು ನಿಂತಿದೆ. ಬಲಗೈ ಹೆಬ್ಬೆರಳು ಮಾತ್ರ ಸ್ವಲ್ಪ ಆಡುತ್ತದೆ. ಕಣ್ಣು, ಕಿವಿ, ಬುದ್ಧಿ ಎಲ್ಲ ಚುರುಕು. ಟ್ಯಾಬ್ಲೆಟ್‌ಗೆ ಬ್ಲೂಟೂತ್ ಸ್ವಿಚ್ ಇಂಟರ್‌ಫೇಸ್ (ಗುಂಡಿಯ ಒತ್ತನ್ನು ಟ್ಯಾಬ್ಲೆಟ್‌ಗೆ ತಲುಪಿಸುವ ಪುಟ್ಟ ಪೆಟ್ಟಿಗೆ) ಜೋಡಿಸಿ, ಅದಕ್ಕೊಂದು ದುಂಡನೆಯ ದೊಡ್ಡ ಗುಂಡಿ ಹಾಕಿದ್ದೇವೆ. ಪರದೆಯ ಮೇಲೆ ವರ್ಣಮಾಲೆಯ 49 ಅಕ್ಷರಗಳು ಕ್ರಮವಾಗಿ ಇವೆ, ಸಾಲಿಗೆ 7ರಂತೆ 7 ಸಾಲು. ಹೊಳಪು ಸೆಕೆಂಡಿಗೊಂದು ಸಾಲು ಇಳಿಯುತ್ತದೆ, ಒತ್ತಿದರೆ ಆ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತದೆ. ಗುಣಿತದ ಚಿಹ್ನೆಗಳು ಎರಡನೇ ಪುಟದಲ್ಲಿವೆ.

‘ದ’ ಬೇಕೆಂದರೆ ಒಮ್ಮೊಮ್ಮೆ ‘ಧ’ ಬೀಳುತ್ತದೆ, ಒಮ್ಮೊಮ್ಮೆ ‘ಢ’. ‘ನೀರು’ ಅನ್ನುವ ಒಂದು ಪದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಸಂಜೆಯ ಹೊತ್ತಿಗೆ ಅವರು ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ. ಸ್ವಿಚ್ ಬದಲಿಸಬೇಕೋ, ಆ್ಯಪ್ ಬದಲಿಸಬೇಕೋ?

ಗಡಿಯಾರದ ಮುಳ್ಳು:
ಎರಡನ್ನೂ ಬದಲಿಸುವ ಮೊದಲು ತಪ್ಪುಗಳನ್ನು ಓದಿ ನೋಡಿ. ನೀವು ಬರೆದಿರುವುದರಲ್ಲೇ ಎರಡು ಬೇರೆ ಬೇರೆ ದೋಷಗಳಿವೆ. ‘ದ’ ಹೋಗಿ ‘ಧ’ ಬಿದ್ದರೆ ಒತ್ತು ಒಂದು ಹೆಜ್ಜೆ ತಡವಾಗಿದೆ ಎಂದರ್ಥ, ಅಂದರೆ ಹೊಳಪಿನ ವೇಗ ಹೆಚ್ಚು. ‘ಢ’ ಎಂಬುದು ಅದೇ ಸಾಲಿನ ಮೊದಲ ಅಕ್ಷರ. ಸಾಲು ಆರಿಸಲು ಒತ್ತಿದಾಗ ಬೆರಳು ನಡುಗಿ ಇನ್ನೊಮ್ಮೆ ತಾಗಿ, ಆ ಎರಡನೇ ಒತ್ತಿಗೆ ಮೊದಲ ಅಕ್ಷರವೇ ಆಯ್ಕೆಯಾಗಿದೆ. 20 ಅಕ್ಷರ ಬರೆಸಿ, ಬೇಕಾದದ್ದು ಒಂದು ಕಡೆ, ಬಿದ್ದದ್ದು ಪಕ್ಕದಲ್ಲಿ ಬರೆದುಕೊಳ್ಳಿ. ಯಾವ ದೋಷ ಹೆಚ್ಚೆಂದು ಹಾಳೆಯೇ ಹೇಳುತ್ತದೆ.

ವೇಗಕ್ಕೆ ಒಂದು ಲೆಕ್ಕವಿದೆ. ಪರದೆ ಮತ್ತು ಬೆರಳು ಎರಡೂ ಕಾಣುವಂತೆ ಫೋನಿನಲ್ಲಿ ವಿಡಿಯೊ ತೆಗೆದು, ಹೊಳಪು ಬಂದ ಕ್ಷಣದಿಂದ ಒತ್ತು ಬೀಳುವವರೆಗಿನ ಸಮಯವನ್ನು ಹತ್ತು ಸಲ ಅಳೆಯಿರಿ. ಸರಾಸರಿಯನ್ನು 0.65ರಿಂದ ಭಾಗಿಸಿ. ಸರಾಸರಿ 1.1 ಸೆಕೆಂಡ್ ಬಂದರೆ ಹೊಳಪು ಪ್ರತಿ ಮನೆಯಲ್ಲಿ 1.7 ಸೆಕೆಂಡ್ ನಿಲ್ಲಬೇಕು. ಸಾಲು ಒತ್ತಿದ ಬೆರಳು ಬಿಡುವಷ್ಟರಲ್ಲಿ ಮೊದಲ ಅಕ್ಷರ ದಾಟಿಹೋಗುವುದರಿಂದ, ಮೊದಲ ಮನೆಗೆ ಮಾತ್ರ ಇನ್ನೂ 0.7 ಸೆಕೆಂಡ್ ಹೆಚ್ಚಿಗೆ ಕೊಡಿ. ನಿಧಾನವಾಯಿತಲ್ಲ ಎಂದು ಹೆದರಬೇಡಿ. ಒಂದು ತಪ್ಪಾದರೆ ಅಳಿಸುವ ಮನೆಯವರೆಗೆ ಹೋಗಿ, ಮತ್ತೆ ಮೊದಲಿಂದ ಬರಬೇಕು. ವೇಗದಿಂದ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಎರಡು ಸಲ ತಾಗುವುದಕ್ಕೆ ‘ಇಗ್ನೋರ್ ರಿಪೀಟ್’ (ಬೆನ್ನಿಗೇ ಬಿದ್ದ ಇನ್ನೊಂದು ಒತ್ತನ್ನು ಲೆಕ್ಕಕ್ಕೆ ಹಿಡಿಯದ) ಸೆಟ್ಟಿಂಗ್ 0.5 ಸೆಕೆಂಡಿನಿಂದ ಶುರು ಮಾಡಿ. ಇದನ್ನು ಹೊಳಪಿನ ಸಮಯಕ್ಕಿಂತ ಹೆಚ್ಚು ಮಾಡಿದರೆ ನಿಜವಾದ ಎರಡನೇ ಒತ್ತೂ ನುಂಗಿಹೋಗುತ್ತದೆ. ಒತ್ತಿದ್ದರೂ ಏನೂ ಆಗದಿದ್ದಾಗ ಬರೆಯುವವರು ತಮ್ಮ ಬೆರಳನ್ನೇ ದೂರುತ್ತಾರೆ. ಬೆಳಿಗ್ಗೆಗೊಂದು, ಸಂಜೆಗೊಂದು ಹೊಳಪಿನ ಸಮಯ ಬರೆದಿಟ್ಟುಕೊಳ್ಳಿ.

ಬೆಸುಗೆ ಕಡ್ಡಿ:
ಸಂಜೆ ಸೋಲುವುದಕ್ಕೆ ವೇಗದ ಜೊತೆ ಗುಂಡಿಯೂ ಕಾರಣ ಇರಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಗುಂಡಿ ಇಟ್ಟು, ಸೊನ್ನೆ ಮಾಡಿ, ಕ್ಲಿಕ್ ಆಗುವವರೆಗೆ ನಿಧಾನವಾಗಿ ಒತ್ತಿ ಎಷ್ಟು ಗ್ರಾಂ ಎಂದು ನೋಡಿ. ಆಮೇಲೆ ತಂದೆಯವರ ಹೆಬ್ಬೆರಳಿನಿಂದಲೇ ತಕ್ಕಡಿ ಒತ್ತಿಸಿ. ಬೆಳಿಗ್ಗೆಯಲ್ಲ, ದಣಿದಿರುವ ಹೊತ್ತಿನಲ್ಲಿ. ಆಗ ಆರಾಮಾಗಿ ಬರುವ ಭಾರದ ಮೂರನೇ ಒಂದು ಭಾಗದಲ್ಲೇ ಸ್ವಿಚ್ ಕ್ಲಿಕ್ ಆಗಬೇಕು, ನನ್ನ ಲೆಕ್ಕ ಅದು. ಎ.ಎಲ್.ಎಸ್.ನಲ್ಲಿ ಇವತ್ತಿನ ಬಲ ನಾಳೆಗೂ ಇರುತ್ತದೆಂದು ನಂಬಿ ಸ್ವಿಚ್ ಆರಿಸಬಾರದು.

ಹಗುರ ಸ್ವಿಚ್ ಸಿದ್ಧವಾಗಿಯೂ ಸಿಗುತ್ತದೆ, ಕೈಯಲ್ಲೂ ಮಾಡಬಹುದು. ಉದ್ದ ಲಿವರ್ ಇರುವ ಮೈಕ್ರೋಸ್ವಿಚ್ (ಹಗುರವಾಗಿ ಒತ್ತಿದರೂ ಕ್ಲಿಕ್ ಆಗುವ ಪುಟ್ಟ ಸ್ವಿಚ್), ಎರಡೆಳೆ ವೈರ್, 3.5 ಮಿ.ಮೀ. ಮೋನೋ ಪ್ಲಗ್ ಬೇಕು. ಮೈಕ್ರೋಸ್ವಿಚ್‌ನ ಮೂರು ಕಾಲುಗಳಲ್ಲಿ ‘ಕಾಮನ್’ ಮತ್ತು ‘ಎನ್.ಓ.’ಗೆ (ಒತ್ತಿದಾಗಷ್ಟೇ ಸಂಪರ್ಕ ಕೂಡುವ ಕಾಲು) ಮಾತ್ರ ಬೆಸುಗೆ ಹಾಕಿ. ‘ಎನ್.ಸಿ.’ಗೆ ಹಾಕಿದರೆ ಮುಟ್ಟದಿದ್ದಾಗಲೂ ಒತ್ತಿದಂತೆಯೇ ಇರುತ್ತದೆ. ಪ್ಲಗ್‌ನಲ್ಲಿ ಒಂದೆಳೆ ತುದಿಗೆ, ಇನ್ನೊಂದು ಹೊರ ತೋಳಿಗೆ, ಯಾವುದು ಎಲ್ಲಿಗಾದರೂ ಸರಿ. ಮನೆಯಲ್ಲಿ ಮಾಡಿದ ಸ್ವಿಚ್ ಸಾಮಾನ್ಯವಾಗಿ ಕೈಕೊಡುವುದು ಬೆಸುಗೆಯ ಬುಡದಲ್ಲಿ. ಆದ್ದರಿಂದ ವೈರನ್ನು ಮೈಕ್ರೋಸ್ವಿಚ್‌ನ ಮೈಗೆ ಬಿಸಿ ಅಂಟಿನಿಂದ ಹಿಡಿಸಿ, ಎಳೆತ ಬೆಸುಗೆಗೆ ತಾಗದಂತೆ ಮಾಡಿ. ಪ್ಲಗ್ ಹೋಗಬೇಕಾದ್ದು ಸ್ವಿಚ್ ಇಂಟರ್‌ಫೇಸ್‌ಗೆ. ಟ್ಯಾಬ್ಲೆಟ್‌ನ ಹೆಡ್‌ಫೋನ್ ತೂತಿಗೆ ಹಾಕಿದರೆ ಪ್ರಯೋಜನವಿಲ್ಲ.

ಜಾಗವೂ ಮುಖ್ಯ. ಹಾಸಿಗೆ ಮೇಲಿಟ್ಟ ಸ್ವಿಚ್ ಮಗ್ಗುಲು ಬದಲಿಸಿದಾಗಲೆಲ್ಲ ಸರಿಯುತ್ತದೆ. ಅಂಗೈಗೆ ಕಟ್ಟುವ ಮೆತ್ತನೆಯ ಪಟ್ಟಿಯ ಮೇಲೆ ವೆಲ್ಕ್ರೋದಿಂದ ಕೂರಿಸಿದರೆ ಕೈ ಎಲ್ಲಿಗೆ ಹೋದರೂ ಸ್ವಿಚ್ ಹೆಬ್ಬೆರಳಿನ ಕೆಳಗೇ ಇರುತ್ತದೆ. ಸರಿಯಾಗಿ ಕೂತಾಗ ಒಂದು ಫೋಟೊ ತೆಗೆದು ಮಂಚದ ಪಕ್ಕ ಅಂಟಿಸಿ, ನೋಡಿಕೊಳ್ಳುವವರು ಬದಲಾದರೂ ಜಾಗ ಬದಲಾಗದು. ಪಟ್ಟಿ ಬಿಚ್ಚಿದಾಗಲೆಲ್ಲ ಚರ್ಮ ಕೆಂಪಾಗಿದೆಯೇ ನೋಡಿ.

ಕಾಗುಣಿತ:
ನನಗೆ ಎಲ್ಲಕ್ಕಿಂತ ಕಾಡಿದ್ದು ಅಕ್ಷರಗಳ ಜೋಡಣೆ. 7×7ರಲ್ಲಿ ವರ್ಣಮಾಲೆ ಕ್ರಮವಾಗಿ ಹಾಕಿದರೆ ‘ನ’ 5ನೇ ಸಾಲಿನ ಕೊನೆಯ ಮನೆ, ಅಂದರೆ 5+7, 12 ಹೆಜ್ಜೆ. ‘ರ’ಕ್ಕೆ 13. ದಿನಕ್ಕೊಮ್ಮೆಯೂ ಬೇಕಾಗದ ‘ಞ’ ಮಾತ್ರ 8 ಹೆಜ್ಜೆಗೇ ಸಿಗುತ್ತದೆ! ಮೇಲಿನ ಎಡ ಮೂಲೆಯೇ ಹತ್ತಿರದ ಜಾಗ, ಅಲ್ಲಿ ಹೆಚ್ಚು ಬೇಕಾದವು ಇರಲಿ. ಮೊದಲ ಸಾಲಿಗೆ ಸ್ಪೇಸ್, ರ, ನ, ದ, ಲ. ಎರಡನೆಯದಕ್ಕೆ ತ, ಗ, ಕ, ವ, ಮ. ಹೀಗಾದರೆ ‘ರ’ 3 ಹೆಜ್ಜೆ, ‘ನ’ 4. ಮಹಾಪ್ರಾಣ, ಙ, ಞ, ಋ ಎಲ್ಲ ಕೊನೆಯ ಸಾಲುಗಳಿಗೆ ಹೋಗಲಿ. ಒಮ್ಮೆ ಹಾಕಿದ ಮೇಲೆ ಮತ್ತೆ ಮತ್ತೆ ಬದಲಿಸಬೇಡಿ, ಎರಡು ವಾರದಲ್ಲಿ ಜಾಗ ಕಣ್ಣಿಗೆ ಒಗ್ಗುತ್ತದೆ.

ಎದುರಿಗೆ ಮನೆಯವರೇ ಕೂತಿದ್ದರೆ ಗುಣಿತವೂ ಬೇಡ. ‘ನರ ಬಕ’ ಎಂದರೆ ‘ನೀರು ಬೇಕು’. ‘ಮಗಲ ಬದಲಸ’ ಎಂದರೆ ‘ಮಗ್ಗುಲು ಬದಲಿಸು’. ಎರಡೇ ದಿನದಲ್ಲಿ ಓದಲು ಬರುತ್ತದೆ. ಆದರೆ ಊಹಿಸಿದ್ದನ್ನು ಜೋರಾಗಿ ಹೇಳಿ, ಅವರು ಹೌದೆಂದ ಮೇಲಷ್ಟೇ ಮುಂದುವರಿಯಿರಿ. ವಾಕ್ಯವನ್ನು ಅವರ ಬಾಯಿಂದ ಕಿತ್ತುಕೊಂಡು ಮುಗಿಸುವುದು ಬೇಡ.

ಹೊಂಬಿಸಿಲು:
ತಕ್ಕಡಿಯಲ್ಲಿ ನೋಡಿದೆ: ಗುಂಡಿಗೆ 90 ಗ್ರಾಂ ಬೇಕು, ಸಂಜೆ ಅವರಿಗೆ ಬರುವುದು 60. ಅಂದರೆ ಆ ಹೊತ್ತಿಗೆ ಒತ್ತಲು ಸಾಧ್ಯವೇ ಇರಲಿಲ್ಲ. 20 ಗ್ರಾಂ ಒಳಗಿನ ಸ್ವಿಚ್ ಹುಡುಕುತ್ತೇನೆ. ರಾತ್ರಿ ಟ್ಯಾಬ್ಲೆಟ್ ಆಫ್ ಮಾಡಿದ ಮೇಲೆ ಏನು ಮಾಡುವುದು?

ಕಾಗುಣಿತ:
ರಾತ್ರಿಗೆ ಬಾಯಿಪಾಠದ ವರ್ಗಗಳೇ ಸಾಕು, ಹಲಗೆ ಬೇಡ. ನೀವು ನಿಧಾನವಾಗಿ ‘ಸ್ವರ? ಕ? ಚ? ಟ? ತ? ಪ? ಯ?’ ಎಂದು ಕೇಳಿ. ‘ತ’ ಎಂದಾಗ ಅವರು ಕಣ್ಣು ಮೇಲೆತ್ತಿದರೆ ‘ತ? ದ? ನ?’ ಎಂದು ಒಳಗೆ ಹೋಗಿ, ಮಹಾಪ್ರಾಣ ಬಿಟ್ಟು. ‘ನ’ಕ್ಕೆ ಎಂಟೇ ಕೇಳಿಕೆ. ಇಲ್ಲಿ ಮಾತ್ರ ಶಾಲೆಯಲ್ಲಿ ಕಲಿತ ಕ್ರಮವೇ ಇರಲಿ, ಮುಂದೆ ಏನು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ರೆಪ್ಪೆ ಮಿಟುಕಿಸುವುದನ್ನು ‘ಹೌದು’ ಎಂದು ಇಟ್ಟುಕೊಳ್ಳಬೇಡಿ, ತಾನಾಗಿ ಮಿಟುಕಿದ್ದೂ ಹೌದಾಗಿಬಿಡುತ್ತದೆ. ಕಣ್ಣು ಕಾಣುವಷ್ಟು ಮಂದ ಬೆಳಕು ಇರಲಿ. ಹೆಬ್ಬೆರಳು ಆಡುತ್ತಿರುವಾಗಲೇ ಇದನ್ನು ರೂಢಿ ಮಾಡಿಸಿ.

ಬೆಸುಗೆ ಕಡ್ಡಿ:
ಕರೆಗಂಟೆ ಟ್ಯಾಬ್ಲೆಟ್‌ನೊಳಗೆ ಇರಬಾರದು. ಚಾರ್ಜ್ ಮುಗಿದರೆ, ಬ್ಲೂಟೂತ್ ಕಳಚಿದರೆ ಕರೆಯುವ ದಾರಿಯೇ ಇರುವುದಿಲ್ಲ. ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ ತಂದು, ಅದರ ಒತ್ತುಗುಂಡಿಯ ಎರಡು ತುದಿಗೆ 3.5 ಮಿ.ಮೀ. ಸಾಕೆಟ್ ಬೆಸೆಯಿರಿ. ರಾತ್ರಿ ಅದೇ ಸ್ವಿಚ್‌ನ ಪ್ಲಗ್ ಅಲ್ಲಿಗೆ ಹಾಕಿದರಾಯಿತು. ಗೋಡೆಯ ಕರೆಂಟಿನಿಂದ ನಡೆಯುವ ಬೆಲ್‌ನ ಗುಂಡಿಗೆ ಮಾತ್ರ ಇದನ್ನು ಮಾಡಲೇಬೇಡಿ. ಪ್ಲಗ್ ಬದಲಿಸಿದ ಮೇಲೆ ದೀಪ ಆರಿಸುವ ಮೊದಲು ಅವರ ಬೆರಳಿನಿಂದಲೇ ಒಮ್ಮೆ ಬೆಲ್ ಹೊಡೆಸಿ ನೋಡಿ, ನಿಮ್ಮ ಬೆರಳಿನಿಂದಲ್ಲ.