9 ಸೆಂಟ್ಸ್ ದಾಖಲೆ, 3 ಸೆಂಟ್ಸ್ ಕುಮ್ಕಿ, ಮಾಲೀಕರು ದುಬೈಯಲ್ಲಿ: ಅಡ್ವಾನ್ಸ್ ಕೊಡಬಹುದಾ?

ಹಂಚಿನಮನೆ (ಪ್ರಶ್ನೆ ಕೇಳಿದವರು): ಉಡುಪಿ ಜಿಲ್ಲೆಯ ಹಿರಿಯಡ್ಕ ಹತ್ತಿರ ಪಂಚಾಯತ್ ವ್ಯಾಪ್ತಿಯ ಮನೆ, 62 ಲಕ್ಷಕ್ಕೆ ಮಾತಾಗಿದೆ. ಕಾಂಪೌಂಡಿನೊಳಗೆ 12 ಸೆಂಟ್ಸ್, ದಾಖಲೆಯಲ್ಲಿ 9. ಉಳಿದದ್ದು ಕುಮ್ಕಿ, ತೊಂದರೆ ಇಲ್ಲ ಅಂತಾರೆ ಬ್ರೋಕರ್. ಮಾಲೀಕರು ದುಬೈಯಲ್ಲಿ ನೆಲೆಸಿದ್ದಾರೆ, ತಮ್ಮನ ಹತ್ತಿರ ಪವರ್ ಆಫ್ ಅಟಾರ್ನಿ ಇದೆ. ಈ ವಾರವೇ 5 ಲಕ್ಷ ಕೊಡಿ ಅಂತಿದ್ದಾರೆ. ಏನೆಲ್ಲ ನೋಡಬೇಕು?

ಗಡಿಕಲ್ಲು: ಕುಮ್ಕಿ ಸರ್ಕಾರದ ಜಾಗ. ವರ್ಗದಾರರಿಗೆ, ಅಂದರೆ ತಾಗಿಕೊಂಡಿರುವ ಪಟ್ಟಾ ಜಾಗದ ಮಾಲೀಕರಿಗೆ, ಅಲ್ಲಿ ಸೊಪ್ಪು, ಸೌದೆಯಂಥ ಸೌಲಭ್ಯ ಉಂಟು, ಮಾರುವ ಹಕ್ಕಿಲ್ಲ. ಆ 3 ಸೆಂಟ್ಸಿಗೆ ಒಂದು ರೂಪಾಯಿಯೂ ಕೊಡಬೇಡಿ. ಬಾವಿಯೋ ದಾರಿಯೋ ಆ ಭಾಗದಲ್ಲೇ ಇದ್ದರೆ ಈ ಮನೆ ಬಿಟ್ಟುಬಿಡುವುದೇ ಒಳ್ಳೆಯದು. ಮಾರುವವರಿಂದಲೇ ಹದ್ದುಬಸ್ತಿಗೆ (ಸರ್ವೆಯರ್ ಅಳೆದು ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿಸಿ, ಸರ್ವೆಯರ್ ಬಂದ ದಿನ ನೀವೂ ಜೊತೆಗೆ ನಡೆದು ಕಲ್ಲು ಎಲ್ಲಿ ಬೀಳುತ್ತದೆ ನೋಡಿ.

9 ಸೆಂಟ್ಸಿಗೆ ಭೂಪರಿವರ್ತನೆ ಆದೇಶ, ಇ-ಸ್ವತ್ತಿನ 9/11 (ಪಂಚಾಯತ್ ಕೊಡುವ ಆಸ್ತಿ ದಾಖಲೆಯ ನಮೂನೆಗಳು) ಎರಡೂ ಬೇಕು. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಹಿಂದಿನ ಕ್ರಯಪತ್ರಕ್ಕೆ ತಾಳೆಯಾಗಲಿ. ಇಸಿ (ಋಣಭಾರ ಪ್ರಮಾಣಪತ್ರ) 30 ವರ್ಷದ್ದು ತೆಗೆಸಿ. ಇಸಿಯಲ್ಲಿ ಏನೂ ಇಲ್ಲದ ಮಾತ್ರಕ್ಕೆ ಸಾಲವೇ ಇಲ್ಲ ಅನ್ನಲಾಗದು: ಮೂಲಪತ್ರ ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಅದರಲ್ಲಿ ಕಾಣದೇ ಇರಬಹುದು. ಜೆರಾಕ್ಸ್ ಸಾಲದು, ಅಸಲು ಪತ್ರ ಕೈಯಲ್ಲಿ ಹಿಡಿದು ನೋಡಿ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಬರುವ) ಕುಟುಂಬದಿಂದ ಬಂದ ಆಸ್ತಿಯಾದರೆ ವಿಭಾಗ ಪತ್ರವನ್ನೂ ಕೇಳಿ, ಯಾರ ಸಹಿ ಬಿಟ್ಟುಹೋಗಿದೆ ಅಂತ ವಕೀಲರು ಹೇಳಲಿ.

ದಸ್ತಾವೇಜು: ಪವರ್ ಪತ್ರ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಿ, ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿ ಮುದ್ರಾಂಕ ಆಗಿರಬೇಕು. ಒಳಗೆ ‘ಮಾರಾಟ ಮಾಡುವ, ಕ್ರಯಪತ್ರಕ್ಕೆ ಸಹಿ ಹಾಕುವ’ ಅಧಿಕಾರ ಅಂತ ಸ್ಪಷ್ಟವಾಗಿ ಇರಲಿ. ಆಸ್ತಿ ನೋಡಿಕೊಳ್ಳಲು ಕೊಟ್ಟ ಪತ್ರದಿಂದ ಮಾರಲಾಗದು. ಹಣ ಮಾಲೀಕರ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ) ಹೋಗಲಿ, ತಮ್ಮನ ಖಾತೆಗೆ ಬೇಡ.

ಇನ್ನೊಂದು, ಬಹಳ ಜನ ಎಡವುವುದು ಇಲ್ಲೇ. 50 ಲಕ್ಷ ಮತ್ತು ಮೇಲಿನ ಆಸ್ತಿಗೆ 1% ಟಿಡಿಎಸ್ (ಕೊಳ್ಳುವವರು ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಎನ್ನುವುದು ನಿವಾಸಿ ಮಾರಾಟಗಾರರಿಗೆ ಮಾತ್ರ. ಅನಿವಾಸಿಯಾದರೆ ದರ ಇದಕ್ಕಿಂತ ತುಂಬಾ ಹೆಚ್ಚು, ಅಡ್ವಾನ್ಸಿನಿಂದಲೇ ಕಡಿಯಬೇಕು. ಕಡಿಮೆ ಮಾಡಿಸಬೇಕಿದ್ದರೆ ಅವರೇ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಲಿ. ಕಡಿಯದೆ ಪೂರ್ತಿ ಕೊಟ್ಟರೆ ಇಲಾಖೆ ನಿಮ್ಮನ್ನೇ ಹಿಡಿಯುತ್ತದೆ. ಮೊದಲು ಆಡಿಟರ್ ಹತ್ತಿರ ಹೋಗಿ.

ಹಂಚಿನಮನೆ: ಎಗ್ರಿಮೆಂಟ್ ಕರಡಿನಲ್ಲಿ ‘45 ದಿನದಲ್ಲಿ ನೋಂದಣಿ ಆಗದಿದ್ದರೆ ಮುಂಗಡ ವಾಪಸಿಲ್ಲ’ ಅಂತ ಇದೆ.

ದಸ್ತಾವೇಜು: ತೆಗೆಸಿ. ಹದ್ದುಬಸ್ತು ನಕ್ಷೆ, ಅಸಲು ಪತ್ರ, ತೆರಿಗೆ ಪ್ರಮಾಣಪತ್ರ ಕೊಟ್ಟ ದಿನದಿಂದ 45 ದಿನ ಎಣಿಸಬೇಕು ಅಂತ ಬರೆಸಿ. ಹಕ್ಕಿನಲ್ಲಿ ದೋಷ ಕಂಡರೆ 15 ದಿನದೊಳಗೆ ಪೂರ್ತಿ ಹಣ ವಾಪಸ್. ಷೆಡ್ಯೂಲಿನಲ್ಲಿ (ಆಸ್ತಿ ವಿವರದ ಭಾಗದಲ್ಲಿ) 9 ಸೆಂಟ್ಸ್ ಮಾತ್ರ. ಎಗ್ರಿಮೆಂಟ್ ನೋಂದಣಿ ಮಾಡಿಸಿ, ಆಗ ಅದು ಇಸಿಯಲ್ಲಿ ಬರುತ್ತದೆ, ಇದೇ ಜಾಗಕ್ಕೆ ಬರುವ ಮತ್ತೊಬ್ಬರ ಕಣ್ಣಿಗೆ ಬೀಳುತ್ತದೆ. 5 ಲಕ್ಷ ಆಮೇಲೆ.