ಎಂಎಲ್‌ಎ ಅಭ್ಯರ್ಥಿಗಳ ನಿಲುವು ಕೇಳುವ ಪ್ರಶ್ನಾವಳಿ: ಏನು ಇಡಬೇಕು, ಏನು ಬಿಡಬೇಕು? (ನವಲಗುಂದ–ನರಗುಂದ ಭಾಗ)

ಕರಿಮಣ್ಣು:
ನಮ್ಮ ಭಾಗದ ಕೆಲವು ಯುವಕ ಮಂಡಳಗಳು ಸೇರಿ, ಮುಂದಿನ ವಿಧಾನಸಭಾ ಚುನಾವಣೆಗೆ ನಿಲ್ಲುವ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿ ಕೊಟ್ಟು, ಬಂದ ಉತ್ತರಗಳನ್ನು ಊರೂರಿನ ಕಟ್ಟೆಗಳಲ್ಲಿ ಹಚ್ಚಬೇಕೆಂದಿವೆ. ಕರಡಿನಲ್ಲಿ ಈಗ ಇರುವ ವಿಷಯಗಳು: ಮಹದಾಯಿ ನದಿ ನೀರು, ಹೆಸರುಕಾಳು ಮತ್ತು ಕಡಲೆಗೆ ಬೆಂಬಲ ಬೆಲೆ, ಬೆಳೆ ವಿಮೆ, ಜಿಎಸ್‌ಟಿ, ಒಂದು ದೇಶ ಒಂದು ಚುನಾವಣೆ, ಕ್ಷೇತ್ರ ಮರುವಿಂಗಡಣೆ, ಏಕರೂಪ ನಾಗರಿಕ ಸಂಹಿತೆ, ರಸ್ತೆ, ಶಾಲೆ. ಇವುಗಳಲ್ಲಿ ಶಾಸಕರ ಕೈಯಲ್ಲಿ ನಿಜವಾಗಿ ಇರುವುದು ಯಾವುದು? ರಾಷ್ಟ್ರೀಯ ವಿಷಯಗಳನ್ನು ಪೂರಾ ತೆಗೆದುಹಾಕಬೇಕೇ? ಹಾಲಿ ಶಾಸಕರೇ ಮತ್ತೆ ನಿಂತರೆ ಅವರ ಹಿಂದಿನ ಕೆಲಸ ನೋಡುವುದು ಎಲ್ಲಿ? ತಿಳಿದವರು ಹೇಳಿ.

ನವಿಲುತೀರ್ಥ:
ಮೊದಲು ಮಹದಾಯಿ. "ನೀವು ಮಹದಾಯಿ ಪರವೇ?" ಎಂದು ಕೇಳಬೇಡಿ, ಅಲ್ಲ ಎನ್ನುವವರು ನಿಮ್ಮ ಕ್ಷೇತ್ರದಲ್ಲಿ ಒಬ್ಬರೂ ಸಿಗುವುದಿಲ್ಲ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಮಲಪ್ರಭೆಗೆ ತಿರುಗುವುದು ಅದರಲ್ಲಿ ಕಳಸಾ ಹಳ್ಳದ 1.72, ಬಂಡೂರಿ ಹಳ್ಳದ 2.18, ಒಟ್ಟು 3.9 ಟಿಎಂಸಿ ಮಾತ್ರ. ವೇದಿಕೆ ಮೇಲೆ ಇಡೀ 13.42ನ್ನೂ ನಿಮ್ಮ ಹೊಲಕ್ಕೆ ಹರಿಸುವ ಅಭ್ಯರ್ಥಿ ತೀರ್ಪನ್ನೇ ಓದಿಲ್ಲ ಅಂತ ತಿಳಿಯಿರಿ. 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆ ಬಂತು, 2022ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಡಿಪಿಆರ್‌ಗೆ (ವಿವರ ಯೋಜನಾ ವರದಿ) ಕೇಂದ್ರ ಜಲ ಆಯೋಗ ಒಪ್ಪಿತು. ಆಮೇಲೆ ತೊಡಕಾದದ್ದು ಅರಣ್ಯ ಮತ್ತು ವನ್ಯಜೀವಿ ಅನುಮತಿ. ಕಾಮಗಾರಿ ಇರುವುದು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ, ಗೋವಾದ ತಕರಾರು ಸುಪ್ರೀಂ ಕೋರ್ಟ್‌ನಲ್ಲಿ. ಅನುಮತಿ ಕೊಡುವುದು ಕೇಂದ್ರ ನಿಜ. ಆದರೆ ಪ್ರಸ್ತಾವ ಸಲ್ಲಿಸುವುದು, ಬಂದ ಆಕ್ಷೇಪಗಳಿಗೆ ಉತ್ತರ ಬರೆಯುವುದು, ಕೋರ್ಟ್‌ನಲ್ಲಿ ವಾದಿಸುವುದು ರಾಜ್ಯ ಸರ್ಕಾರ. ಹಾಗಾಗಿ ಪ್ರಶ್ನೆ ಹೀಗಿರಲಿ: ಕಡತ ಇವತ್ತು ಯಾರ ಮೇಜಿನ ಮೇಲಿದೆ, ಮುಂದಿನ ಒಪ್ಪಿಗೆ ಯಾರದು, ಅದಕ್ಕಾಗಿ ಸದನದಲ್ಲಿ ಯಾವ ಇಲಾಖೆಯ ಸಚಿವರನ್ನು ಏನು ಕೇಳುತ್ತೀರಿ? ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು.

ಇದಕ್ಕಿಂತ ಹತ್ತಿರದ ನೀರಿನ ಪ್ರಶ್ನೆ ನಿಮ್ಮ ಕರಡಿನಲ್ಲೇ ಇಲ್ಲ. ಈಗಾಗಲೇ ನವಿಲುತೀರ್ಥ ಜಲಾಶಯದಲ್ಲಿರುವ ನೀರು ಕಾಲುವೆಯ ಕೊನೆಯ ಊರುಗಳಿಗೆ ಮುಟ್ಟದಿರುವುದು ಸಂಪೂರ್ಣ ರಾಜ್ಯದ ವಿಷಯ. ಕಾಲುವೆ ನೀರಾವರಿ ನಿಗಮದ್ದು, ಯಾವ ದಿನದಿಂದ ಯಾವ ದಿನದವರೆಗೆ ನೀರು ಬಿಡಬೇಕೆಂದು ಗೊತ್ತು ಮಾಡುವುದು ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ, ಅಚ್ಚುಕಟ್ಟಿನ ಶಾಸಕರು ಅಲ್ಲಿ ಕೂರುತ್ತಾರೆ. ಹೂಳು ತೆಗೆಯುವ ಕೆಲಸ ನೀರು ಬಿಡುವ ಮೊದಲು ಮುಗಿಯದಿದ್ದರೆ ಮೇಲಿನ ಊರುಗಳು ನೀರು ಹಿಡಿಯುತ್ತವೆ, ಕೊನೆಯವರಿಗೆ ಒಣ ಕಾಲುವೆ. 1980ರ ಜುಲೈನಲ್ಲಿ ನಿಮ್ಮ ಎರಡೂ ಊರುಗಳು ಬಂಡೆದ್ದದ್ದು, ಸರಿಯಾಗಿ ನೀರೇ ಮುಟ್ಟದ ಹೊಲಕ್ಕೂ ರಾಜ್ಯ ಸರ್ಕಾರ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಕರ) ಹೇರಿದ್ದಕ್ಕೆ. ಆ ಊರುಗಳ ಪ್ರಶ್ನಾವಳಿಯಲ್ಲಿ ಕಾಲುವೆಯ ಕೊನೆಗೆ ಜಾಗ ಇರಲೇಬೇಕು.

ಹೆಸರಿನ ಹೊಲ:
ಬೆಂಬಲ ಬೆಲೆಯ ಬಗ್ಗೆ. ಬೆಲೆ ಘೋಷಿಸುವುದು ಕೇಂದ್ರ. "ಬೆಲೆ ಏರಿಸುತ್ತೇನೆ" ಎನ್ನುವ ಶಾಸಕರ ಮಾತಿಗೆ ಅರ್ಥವಿಲ್ಲ. ರಾಜ್ಯದ ಕೈಯಲ್ಲಿರುವುದು ಖರೀದಿಯ ಸಮಯ. ಬೆಂಬಲ ಬೆಲೆ ಯೋಜನೆಯಲ್ಲಿ ಮೊದಲು ರಾಜ್ಯ ಪ್ರಸ್ತಾವ ಕಳಿಸಬೇಕು, ಕೇಂದ್ರ ಪ್ರಮಾಣ ನಿಗದಿ ಮಾಡಬೇಕು, ಆಮೇಲೆ ರೈತರ ನೋಂದಣಿ, ಆಮೇಲೆ ಖರೀದಿ ಕೇಂದ್ರ ತೆರೆಯುವುದು. ಹೆಸರು ಆಗಸ್ಟ್–ಸೆಪ್ಟೆಂಬರ್‌ನಲ್ಲೇ ರಾಶಿಯಾಗುತ್ತದೆ. ಪ್ರಸ್ತಾವ ತಡವಾದರೆ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಾಲ ಇರುವ ರೈತ ಮಾಲನ್ನು ದಲ್ಲಾಳಿ ಅಂಗಡಿಗೆ ಹಾಕಿ ಆಗಿರುತ್ತದೆ. ಇನ್ನೊಂದು ತೊಂದರೆ ತೇವಾಂಶ. ಮಿತಿ ಶೇ 12. ರಾಶಿ ಹೊತ್ತಿಗೆ ಮಳೆ ಹಿಡಿದರೆ ಕಾಳು ವಾಪಸ್ಸು ಬರುತ್ತದೆ. ಫ್ರೂಟ್ಸ್ ಐಡಿಯಲ್ಲಿ (ರಾಜ್ಯದ ರೈತ ನೋಂದಣಿ ಸಂಖ್ಯೆ) ಪಹಣಿಯ ಎಲ್ಲ ಸರ್ವೆ ನಂಬರ್ ಸೇರಿರದಿದ್ದರೆ, ಬೆಳೆ ಸಮೀಕ್ಷೆಯಲ್ಲಿ ಬೇರೆ ಬೆಳೆ ನಮೂದಾಗಿದ್ದರೆ ನೋಂದಣಿಯೇ ಆಗುವುದಿಲ್ಲ. ಕೇಳಬೇಕಾದದ್ದು ಇಷ್ಟು: ಪ್ರಸ್ತಾವ ಜುಲೈಯಲ್ಲೇ ಹೋಗುವಂತೆ ಒತ್ತಡ ಹಾಕುತ್ತೀರಾ, ಎಪಿಎಂಸಿ ಅಂಗಳದಲ್ಲಿ ಒಣಗಿಸುವ ಯಂತ್ರ ಇಡಿಸುತ್ತೀರಾ?

ಬೆಳೆ ವಿಮೆಯೂ ಹಾಗೇ. ರೈತನ ಪಾಲು ಮುಂಗಾರಿಗೆ ಶೇ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಅದು ಕೇಂದ್ರದ ನಿಯಮ. ಆದರೆ ಯಾವ ಬೆಳೆಯ ನಷ್ಟವನ್ನು ಗ್ರಾಮ ಪಂಚಾಯಿತಿ ಘಟಕವಾಗಿ ಅಳೆಯಬೇಕು, ಯಾವುದನ್ನು ಹೋಬಳಿ ಘಟಕವಾಗಿ ಎಂದು ಅಧಿಸೂಚನೆ ಹೊರಡಿಸುವುದು ರಾಜ್ಯ, ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗ ಮಾಡುವ ಸಿಬ್ಬಂದಿಯೂ ರಾಜ್ಯದ್ದೇ. ಹೋಬಳಿ ಘಟಕವಾದರೆ ಒಂದು ಕಡೆ ಮಳೆಯಾದದ್ದು ಇನ್ನೊಂದು ಕಡೆಯ ನಷ್ಟವನ್ನು ನುಂಗುತ್ತದೆ. ನಿಮ್ಮಲ್ಲಿ ಪ್ರತಿ ವರ್ಷದ ಜಗಳದ ಮೂಲ ಇದು. ಯಾವ ಬೆಳೆಯನ್ನು ಪಂಚಾಯಿತಿ ಘಟಕಕ್ಕೆ ತರಿಸುತ್ತೀರಿ ಎಂದು ಬೆಳೆಯ ಹೆಸರು ಹಿಡಿದು ಕೇಳಿ.

ಸದನದ ಕಲಾಪ:
ರಾಷ್ಟ್ರೀಯ ವಿಷಯಗಳನ್ನು ದಯವಿಟ್ಟು ತೆಗೆಯಬೇಡಿ. ಶಾಸಕರಿಗೆ ಅಲ್ಲೂ ಮತ ಇದೆ, ಯಾವುದರಲ್ಲಿ ಎಷ್ಟು ಎಂಬುದು ಬೇರೆ ಬೇರೆ.

ಏಕರೂಪ ನಾಗರಿಕ ಸಂಹಿತೆ ದಿಲ್ಲಿಯ ವಿಷಯ ಎಂದು ಅನೇಕರು ಜಾರಿಕೊಳ್ಳುತ್ತಾರೆ. ಮದುವೆ, ವಿಚ್ಛೇದನ, ಉತ್ತರಾಧಿಕಾರ ಇರುವುದು ಸಮವರ್ತಿ ಪಟ್ಟಿಯಲ್ಲಿ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಉತ್ತರಾಖಂಡದ ವಿಧಾನಸಭೆ 2024ರ ಫೆಬ್ರುವರಿಯಲ್ಲಿ ತನ್ನದೇ ಸಂಹಿತೆ ಅಂಗೀಕರಿಸಿತು. ನಮ್ಮಲ್ಲಿ ಅಂಥ ಮಸೂದೆ ಬಂದರೆ ಪರವೋ ವಿರೋಧವೋ ಎಂಬುದಕ್ಕೆ ಅಭ್ಯರ್ಥಿ ನೇರ ಉತ್ತರ ಕೊಡಲೇಬೇಕು. ಒಂದು ಚುನಾವಣೆ ಮತ್ತು ಮರುವಿಂಗಡಣೆ ವಿರುದ್ಧ 2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನಿರ್ಣಯ ಮಾಡಿದೆ. ನಿರ್ಣಯಕ್ಕೆ ಕಾನೂನಿನ ಬಲ ಇಲ್ಲ, ಆದರೂ ಹಾಲಿ ಸದಸ್ಯರು ಆ ದಿನ ಏನು ಮಾತಾಡಿದರು ಎಂಬುದು ದಾಖಲೆಯಲ್ಲಿದೆ. ಮರುವಿಂಗಡಣೆಯ ಕಾಯ್ದೆ ಸಂಸತ್ತಿನದು. 2002ರ ಕಾಯ್ದೆಯಲ್ಲಿ ಪ್ರತಿ ರಾಜ್ಯದ 5 ಶಾಸಕರು ಆಯೋಗದ ಸಹ ಸದಸ್ಯರಾಗಿದ್ದರು, ಮತದ ಹಕ್ಕು ಮಾತ್ರ ಇರಲಿಲ್ಲ. ಕೆಲವು ಸಂವಿಧಾನ ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕು, ಜಿಎಸ್‌ಟಿ ಬಂದದ್ದು ಹಾಗೆ. ಕರ್ನಾಟಕದ 12 ರಾಜ್ಯಸಭಾ ಸದಸ್ಯರನ್ನು ಆರಿಸುವವರೂ ಇವರೇ.

ಜಿಎಸ್‌ಟಿ ದರದ ಪ್ರಶ್ನೆ ಮಾತ್ರ ಬಿಡಿ. ದರ ಗೊತ್ತು ಮಾಡುವ ಜಿಎಸ್‌ಟಿ ಮಂಡಳಿಯಲ್ಲಿ ಕೂರುವುದು ರಾಜ್ಯದ ಒಬ್ಬ ಸಚಿವರು. ಅದರ ಬದಲು ಡೀಸೆಲ್ ಮೇಲಿನ ಮಾರಾಟ ತೆರಿಗೆ ಕೇಳಿ, ಅದು ಜಿಎಸ್‌ಟಿ ಹೊರಗಿದೆ, ರಾಜ್ಯದ ಕೈಯಲ್ಲಿದೆ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನ ಬಗ್ಗೆ ಮಾತಾಡುವವರಿಗೆ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ 3.647ಕ್ಕೆ ಇಳಿದದ್ದಾದರೂ ಗೊತ್ತಿರಬೇಕು. ಆದಾಯದ ಅಂತರಕ್ಕೆ ಕೊಡುವ ತೂಕದಿಂದ ತಲಾದಾಯ ಹೆಚ್ಚಿರುವ ರಾಜ್ಯಗಳಿಗೆ ಪೆಟ್ಟು ಬೀಳುತ್ತದೆ. ಬೆಂಗಳೂರಿನ ಆದಾಯ ಇಡೀ ರಾಜ್ಯದ ಸರಾಸರಿಯನ್ನು ಎತ್ತುತ್ತದೆ, ನಷ್ಟ ನವಲಗುಂದಕ್ಕೂ ತಟ್ಟುತ್ತದೆ.

ವಿಪ್ (ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮರೆಯಬೇಡಿ. ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದವರ ಸದಸ್ಯತ್ವ ಹೋಗಬಹುದು. ಹಾಗಾಗಿ ಪಕ್ಷದ ನಿಲುವು ಕ್ಷೇತ್ರಕ್ಕೆ ವಿರುದ್ಧವಾದಾಗ ಶಾಸಕಾಂಗ ಪಕ್ಷದ ಸಭೆಯಲ್ಲಿ ಏನು ಹೇಳುತ್ತೀರಿ ಎಂದು ಬರೆಸಿಕೊಳ್ಳಿ.

ಚುಕ್ಕೆ ಗುರುತು:
ಹಾಲಿ ಶಾಸಕರ ದಾಖಲೆ ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವುದು), ಗುರುತಿಲ್ಲದ ಪ್ರಶ್ನೆ (ಲಿಖಿತ ಉತ್ತರದ್ದು), ಗಮನ ಸೆಳೆಯುವ ಸೂಚನೆ ಎಲ್ಲ ಅಧಿವೇಶನವಾರು ಇವೆ. ಎಷ್ಟು ಪ್ರಶ್ನೆ ಎಂದು ಎಣಿಸುವುದಕ್ಕಿಂತ ಉತ್ತರ ಓದಿ. "ಪರಿಶೀಲಿಸಲಾಗುವುದು" ಎಂದು ಸಚಿವರು ಹೇಳಿದ ಮೇಲೆ ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಕೇಳಿದ್ದಾರೋ ಇಲ್ಲವೋ, ನೋಡಬೇಕಾದದ್ದು ಅದು. ಸಚಿವರಾಗಿದ್ದವರು ಪ್ರಶ್ನೆ ಕೇಳುವುದಿಲ್ಲ, ಅವರನ್ನು ಇಲಾಖೆಯ ಕೆಲಸದಿಂದ ಅಳೆಯಿರಿ.

ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕಾಮಗಾರಿವಾರು ಪಟ್ಟಿಗೆ ಜಿಲ್ಲಾಧಿಕಾರಿ ಕಚೇರಿಗೆ ಆರ್‌ಟಿಐ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ತಾಲ್ಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಯ ನಡಾವಳಿ ತಾಲ್ಲೂಕು ಪಂಚಾಯಿತಿಯಲ್ಲಿ, ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಸಮಿತಿಯದು ತಹಶೀಲ್ದಾರ್ ಬಳಿ. ಎರಡಕ್ಕೂ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಹೊಸಬರಾದರೆ ನಮೂನೆ 26ರ ಪ್ರಮಾಣಪತ್ರ ನೋಡಿ: ಬಾಕಿ ಪ್ರಕರಣ, ಆಸ್ತಿ, ಸಾಲ, ಸರ್ಕಾರಿ ಬಾಕಿ. ನಾಮಪತ್ರದ ಜೊತೆಗೇ ಚುನಾವಣಾ ಆಯೋಗದ ಜಾಲತಾಣಕ್ಕೆ ಏರುತ್ತದೆ.

ಒಂದು ಪ್ರಶ್ನೆ ಸೇರಿಸಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ, ಆ ಅಧಿಕಾರ ಆಡಳಿತಾಧಿಕಾರಿ ಮತ್ತು ಶಾಸಕರ ಕಡೆ ಸರಿಯಿತು. ಹಳ್ಳಿ ರಸ್ತೆ, ಶಾಲಾ ಕೊಠಡಿಗೆ ಜನ ಶಾಸಕರ ಮನೆ ಬಾಗಿಲಿಗೆ ಹೋಗಬೇಕಾದದ್ದಕ್ಕೆ ಇದೂ ದೊಡ್ಡ ಕಾರಣ. ಇನ್ನು ಮುಂದೆ ಪ್ರತಿ ಸಲ ಅವಧಿ ಮುಗಿಯುವ ಮೊದಲೇ ಆ ಚುನಾವಣೆ ನಡೆಸಲು ಸದನದಲ್ಲಿ ಒತ್ತಾಯಿಸುತ್ತೀರಾ ಎಂದು ಕೇಳಿ.

ಕರಿಮಣ್ಣು:
ಎಲ್ಲರಿಗೂ ಶರಣು. ಎಲ್ಲ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆದರೆ ನೀತಿ ಸಂಹಿತೆ ಅಡ್ಡ ಬರುತ್ತದೆಯೇ?

ಸದನದ ಕಲಾಪ:
ಚುನಾವಣಾಧಿಕಾರಿಯ ಅನುಮತಿ ಲಿಖಿತವಾಗಿ ತಗೊಳ್ರಿ, ಮೈಕಿಗೆ ಬೇರೆ ಪರವಾನಗಿ. ಗುಡಿ, ಮಠ, ಮಸೀದಿಯ ಆವರಣ ಬೇಡ. ರಾತ್ರಿ 10ಕ್ಕೆ ಮೈಕ್ ಬಂದ್. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಎಲ್ಲ ಮುಗಿದಿರಬೇಕು. ಎಲ್ಲರಿಗೂ ಒಂದೇ ದಿನ ಆಹ್ವಾನ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಮಿಯಾನದ ದುಡ್ಡು ಯಾವ ಅಭ್ಯರ್ಥಿಯಿಂದಲೂ ಬೇಡ. ಒಬ್ಬರೇ ಬಂದರೆ ಸಭೆ ಅವರ ಪ್ರಚಾರವಾಗುತ್ತದೆ, ಖರ್ಚು ಅವರ ಲೆಕ್ಕಕ್ಕೆ ಸೇರಬಹುದು. ಕನಿಷ್ಠ ಮೂವರು ಒಪ್ಪದಿದ್ದರೆ ವೇದಿಕೆ ಬಿಟ್ಟು ಲಿಖಿತ ಉತ್ತರ ಪಡೆಯಿರಿ, ಪ್ರತಿ ಹಾಳೆಗೂ ಅಭ್ಯರ್ಥಿಯ ಸಹಿ ಇರಲಿ. ಉತ್ತರ ಹಚ್ಚುವ ಮೊದಲು ಚುನಾವಣಾಧಿಕಾರಿಗೆ ಒಂದು ಪ್ರತಿ ತೋರಿಸಿ, ಮುದ್ರಿಸಿದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಳೆಯ ಮೇಲೆ ಇರಲೇಬೇಕು.