ವೆಬ್‌ಸೈಟ್ ಒಂದು ಕಡೆ, ಫೇಸ್‌ಬುಕ್ ಪೇಜ್ ಒಂದು ಕಡೆ: ಎರಡನ್ನೂ ಸೇರಿಸಿದವರು ಅನುಭವ ಹೇಳಿ

ಮರದ ಗಾಣ, ತಿಪಟೂರು

ನಮಸ್ಕಾರ. ನಮ್ಮದು ತಿಪಟೂರಿನಲ್ಲಿ ಮರದ ಗಾಣ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳಿನ ಎಣ್ಣೆ ತೆಗೆದು ಮಾರುತ್ತೇವೆ. ಫೇಸ್‌ಬುಕ್ ಪೇಜ್ ನಾಲ್ಕು ವರ್ಷದಿಂದ ಇದೆ. ಹೊರಗಿನ ಊರುಗಳ ಗಿರಾಕಿಗಳು ಸಿಕ್ಕಿದ್ದೇ ಅದರಿಂದ. ಹೋದ ತಿಂಗಳು ವೆಬ್‌ಸೈಟ್ ಮಾಡಿಸಿದೆವು. ಇನ್‌ಸ್ಟಾಗ್ರಾಂ ಮಗಳು ನೋಡಿಕೊಳ್ಳುತ್ತಾಳೆ. ಆದರೆ ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಇವೆ. ಪೇಜ್ ನೋಡುವವರಿಗೆ ವೆಬ್‌ಸೈಟ್ ಇರುವುದೇ ಗೊತ್ತಿಲ್ಲ. ವೆಬ್‌ಸೈಟ್ ಲಿಂಕನ್ನು ಪೇಜ್‌ನಲ್ಲಿ ಹಾಕಿದರೆ ಗಾಣದ ಫೋಟೊ ಬರುವುದಿಲ್ಲ, ಬರೀ ಬೂದು ಚೌಕ ಬರುತ್ತದೆ. ಎಲ್ಲಿಂದ ಶುರು ಮಾಡಬೇಕು? ಸಣ್ಣ ವ್ಯಾಪಾರದವರು ಯಾರಾದರೂ ಸ್ವಂತವಾಗಿ ಮಾಡಿಕೊಂಡಿದ್ದರೆ ದಯವಿಟ್ಟು ಹೇಳಿ.

ಮಾವಿನ ತೋಟ, ಶ್ರೀನಿವಾಸಪುರ

ನಾವೂ ಪೇಜ್‌ನಿಂದಲೇ ಬೆಳೆದವರು. ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣನ್ನು ಬಾಕ್ಸ್ ಮಾಡಿ ಬೆಂಗಳೂರಿಗೆ ನೇರವಾಗಿ ಕಳಿಸುತ್ತೇವೆ.

ಪೇಜ್ ಕಡೆಯ ಕೆಲಸ ಸುಲಭ. ಪೇಜ್‌ನ ಅಬೌಟ್ ಭಾಗಕ್ಕೆ ಹೋಗಿ, ಕಾಂಟ್ಯಾಕ್ಟ್ ವಿವರದಲ್ಲಿ ವೆಬ್‌ಸೈಟ್ ಅಂತ ಜಾಗ ಇರುತ್ತದೆ, ಅಲ್ಲಿ ನಿಮ್ಮ ವಿಳಾಸ ಹಾಕಿ. ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಇರಲಿ. ಪೇಜ್‌ನ ಮೇಲ್ಗಡೆ ಒಂದು ದೊಡ್ಡ ಬಟನ್ ಇಡಬಹುದು. ಅದನ್ನು ವೆಬ್‌ಸೈಟ್‌ಗೆ ಹೋಗುವ ಹಾಗೆ ಇಡಿ, ಇಲ್ಲಾಂದ್ರೆ ವಾಟ್ಸಾಪ್‌ಗೆ. ಎಣ್ಣೆ ಕೊಳ್ಳುವವರು ರೇಟು ಕೇಳಿಯೇ ಕೊಳ್ಳುತ್ತಾರೆ ಅಲ್ವಾ? ಹಾಗಾಗಿ ನಿಮಗೆ ವಾಟ್ಸಾಪ್ ಒಳ್ಳೆಯದು ಅನ್ನಿಸುತ್ತದೆ. ಇದಿಷ್ಟಕ್ಕೆ ಹತ್ತು ನಿಮಿಷ ಸಾಕು.

ನಾವು ಪೆಟ್ಟು ತಿಂದಿದ್ದು ವೆಬ್‌ಸೈಟ್ ಕಡೆ. ಸೈಟ್‌ನ ಕೆಳಗಡೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಅಂತ ಚಿಕ್ಕ ಚಿಕ್ಕ ಐಕಾನ್ ಇದ್ದವು. ಎಲ್ಲಾ ಸರಿಯಾಗಿದೆ ಅಂದುಕೊಂಡು ಒಂದು ಸೀಸನ್ ಪೂರ್ತಿ ಹಾಗೇ ಬಿಟ್ಟೆವು. ಮೇ ಕೊನೆಯಲ್ಲಿ ಜಯನಗರದ ಗಿರಾಕಿಯೊಬ್ಬರು ಫೋನ್ ಮಾಡಿ, ನಿಮ್ಮ ಫೇಸ್‌ಬುಕ್ ಗುರುತು ಒತ್ತಿದರೆ ನನ್ನ ಫೇಸ್‌ಬುಕ್ಕೇ ತೆರೆಯುತ್ತದಲ್ಲ ಅಂದರು. ನೋಡಿದರೆ ಆ ಐಕಾನ್ ಸುಮ್ನೆ ಫೇಸ್‌ಬುಕ್‌ನ ಮುಖಪುಟಕ್ಕೆ ಹೋಗುತ್ತಿತ್ತು. ರೆಡಿಮೇಡ್ ಟೆಂಪ್ಲೇಟ್‌ನಲ್ಲಿ ಬಂದ ಖಾಲಿ ಲಿಂಕ್, ಯಾರೂ ಬದಲಿಸಿರಲಿಲ್ಲ. ಯೂಟ್ಯೂಬ್ ಐಕಾನ್ ಟೆಂಪ್ಲೇಟ್ ಮಾಡಿದವರ ಚಾನೆಲ್‌ಗೆ ಹೋಗುತ್ತಿತ್ತು! ನಮಗೆ ಯೂಟ್ಯೂಬ್ ಚಾನೆಲ್ಲೇ ಇಲ್ಲ. ಅದನ್ನು ತೆಗೆದುಬಿಟ್ಟೆವು.

ಇವತ್ತೇ ನಿಮ್ಮ ಸೈಟ್‌ನ ಒಂದೊಂದು ಐಕಾನನ್ನೂ ಒತ್ತಿ ನೋಡಿ. ನಿಮ್ಮ ಫೋನ್‌ನಲ್ಲಿ ಬೇಡ. ಅದರಲ್ಲಿ ನೀವು ಲಾಗಿನ್ ಆಗಿರುತ್ತೀರಿ, ಎಲ್ಲಾ ಸರಿಯಾಗೇ ಕಾಣುತ್ತದೆ. ನಿಮ್ಮ ಪೇಜ್‌ಗೆ ಸಂಬಂಧವೇ ಇಲ್ಲದವರ ಫೋನ್‌ನಲ್ಲಿ ನೋಡಿ.

ವಾಟ್ಸಾಪ್ ಲಿಂಕ್‌ನಲ್ಲೂ ಹೀಗೇ ಒಂದು ತಪ್ಪು ಮಾಡಿದ್ದೆವು. ಸರಿಯಾದ ಲಿಂಕ್ ಹೀಗಿರಬೇಕು: ಡಬ್ಲ್ಯೂಎ ಡಾಟ್ ಎಂಇ, ಆಮೇಲೆ ಸ್ಲ್ಯಾಶ್, ಆಮೇಲೆ 91, ಅದರ ಹಿಂದೆಯೇ ಹತ್ತು ಅಂಕಿಯ ನಂಬರ್. ಪ್ಲಸ್ ಬೇಡ, ಮೊದಲಿಗೆ ಸೊನ್ನೆ ಬೇಡ, ನಡುವೆ ಜಾಗ ಬೇಡ, ಗೆರೆ ಬೇಡ. ನಾವು ಸೊನ್ನೆ ಸೇರಿಸಿದ್ದೆವು. ಚಾಟ್ ತೆರೆಯುತ್ತಲೇ ಇರಲಿಲ್ಲ.

ಟೊಮೆಟೊ ಸಸಿ ನರ್ಸರಿ, ಕೋಲಾರ

ಗೂಗಲ್ ಮರೆಯಬೇಡಿ. ಮ್ಯಾಪ್‌ನಲ್ಲಿ ನಿಮ್ಮ ಗಾಣ ಇದ್ದರೆ ಆ ಬಿಸಿನೆಸ್ ಪ್ರೊಫೈಲ್‌ನಲ್ಲೂ ವೆಬ್‌ಸೈಟ್ ಮತ್ತು ಸೋಶಿಯಲ್ ಮೀಡಿಯಾ ಲಿಂಕ್ ಹಾಕಬಹುದು. ನಾವು ಮೊದಲು ಅದೇ ಪ್ರೊಫೈಲ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟ್ ಇಟ್ಟುಕೊಂಡಿದ್ದೆವು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟ್‌ಗಳನ್ನೆಲ್ಲ ನಿಲ್ಲಿಸಿತು. ಕೆಲವು ದಿನ ಲಿಂಕ್ ಒತ್ತಿದರೆ ಪ್ರೊಫೈಲ್‌ಗೆ ಹೋಗುತ್ತಿತ್ತು, ಜೂನ್ ಆದಮೇಲೆ ಅದೂ ಇಲ್ಲ. ನಮ್ಮ ಫೇಸ್‌ಬುಕ್ ಪೇಜ್‌ನಲ್ಲಿ ಆ ಸತ್ತ ವಿಳಾಸವೇ ದೀಪಾವಳಿವರೆಗೂ ಇತ್ತು. ಸಸಿ ಬುಕ್ ಮಾಡಲು ಬಂದ ರೈತರು ಎಷ್ಟು ಜನ ಹಾಗೇ ವಾಪಸ್ ಹೋದರೋ ಗೊತ್ತಾಗಲಿಲ್ಲ. ನಮ್ಮ ಕಸುಬಿನಲ್ಲಿ ನಾಟಿ ಸಮಯ ದಾಟಿದರೆ ಆ ಗಿರಾಕಿ ಆ ವರ್ಷಕ್ಕೆ ಹೋದ ಹಾಗೇ.

ಡಿಟಿಪಿ ಮತ್ತು ವೆಬ್ ಕೆಲಸ, ತುಮಕೂರು

ಬೂದು ಚೌಕದ ವಿಷಯಕ್ಕೆ ಬರುತ್ತೇನೆ. ಇದನ್ನು ವಾರಕ್ಕೊಬ್ಬರಾದರೂ ಕೇಳುತ್ತಾರೆ.

ನೀವು ಲಿಂಕ್ ಹಾಕಿದ ತಕ್ಷಣ ಫೇಸ್‌ಬುಕ್ ನಿಮ್ಮ ಸೈಟ್‌ಗೆ ಹೋಗಿ ಅದರ ಹಿಂದಿನ ಕೋಡ್ ಓದುತ್ತದೆ. ಅಲ್ಲಿ ಓಪನ್ ಗ್ರಾಫ್ ಟ್ಯಾಗ್ ಅಂತ ಮೂರು ನಾಲ್ಕು ಸಾಲು ಇರಬೇಕು. ಒಂದು ಶೀರ್ಷಿಕೆಗೆ, ಒಂದು ವಿವರಣೆಗೆ, ಒಂದು ಚಿತ್ರಕ್ಕೆ. ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ ಇದು. ಈಗ ವಾಟ್ಸಾಪ್ ಕೂಡ ಇದನ್ನೇ ಓದುತ್ತದೆ. ಆ ಸಾಲುಗಳು ಇಲ್ಲದಿದ್ದರೆ ಅದು ಕೈಗೆ ಸಿಕ್ಕಿದ್ದನ್ನು ತೋರಿಸುತ್ತದೆ, ಏನೂ ಸಿಗದಿದ್ದರೆ ಬೂದು ಚೌಕ. ನಿಮ್ಮ ಸೈಟ್ ವರ್ಡ್‌ಪ್ರೆಸ್ ಅನ್ನುವ ಸೈಟ್ ಮಾಡುವ ತಂತ್ರಾಂಶದಲ್ಲಿ ಇದ್ದರೆ ಎಸ್‌ಇಒ ಪ್ಲಗಿನ್ (ಹುಡುಕಿದಾಗ ಸೈಟ್ ಸಿಗಲು ನೆರವಾಗುವ, ಸೈಟ್‌ಗೆ ಜೋಡಿಸುವ ಸಣ್ಣ ತಂತ್ರಾಂಶ) ಒಂದನ್ನು ಹಾಕಿ, ಅದರಲ್ಲಿ ಸೋಶಿಯಲ್ ಅನ್ನುವ ಕಡೆ ಚಿತ್ರ ಕೊಡಿ. ಕೋಡ್ ಮುಟ್ಟುವ ಅಗತ್ಯವೇ ಇಲ್ಲ.

ಚಿತ್ರ ಅಡ್ಡಲಾಗಿ ಇರಬೇಕು. 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರ. ಹಗುರವಾಗಿಯೂ ಇರಲಿ, ದೊಡ್ಡ ಫೈಲ್ ಆದರೆ ವಾಟ್ಸಾಪ್‌ನಲ್ಲಿ ಬರದೇ ಹೋಗಬಹುದು.

ಇಷ್ಟು ಮಾಡಿದ ಮೇಲೂ ಹಳೆಯದೇ ಕಾಣುತ್ತದೆ. ಆಗ ಜನ ಗಾಬರಿಯಾಗಿ ಫೋನ್ ಮಾಡುತ್ತಾರೆ. ಫೇಸ್‌ಬುಕ್ ಮೊದಲ ಸಲ ಓದಿದ್ದನ್ನು ನೆನಪಿಟ್ಟುಕೊಂಡಿರುತ್ತದೆ, ಅಷ್ಟೇ. ಫೇಸ್‌ಬುಕ್ ನಡೆಸುವ ಕಂಪನಿ ಮೆಟಾದವರ ಶೇರಿಂಗ್ ಡಿಬಗರ್ ಅನ್ನುವ ಪುಟ ಇದೆ. ಅಲ್ಲಿ ನಿಮ್ಮ ವಿಳಾಸ ಕೊಟ್ಟು ಸ್ಕ್ರೇಪ್ ಅಗೇನ್ ಒತ್ತಿ. ಹೊಸದಾಗಿ ಓದಿಕೊಂಡು ಬರುತ್ತದೆ. ಮೊದಲ ಸಲಕ್ಕೆ ಬಾರದಿದ್ದರೆ ಇನ್ನೊಂದು ಸಲ ಒತ್ತಿ.

ಇನ್ನೊಂದು ಮಾತು, ಇದು ಕನ್ನಡದಲ್ಲಿ ಸೈಟ್ ಮಾಡುವವರಿಗೆ ಬರುವ ತೊಂದರೆ. ನಿಮ್ಮ ವಿವರಣೆಯನ್ನು ಯಾವುದರಲ್ಲಿ ಟೈಪ್ ಮಾಡಿಸಿದ್ದೀರಿ? ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಕೊಡುತ್ತಾರೆ. ಕರಪತ್ರಕ್ಕೆ, ಫ್ಲೆಕ್ಸ್‌ಗೆ ಅದು ಸರಿ. ಅದನ್ನೇ ಕಾಪಿ ಮಾಡಿ ವೆಬ್‌ಸೈಟ್‌ಗೆ ಹಾಕಿದರೆ ಕೆಟ್ಟಿತು. ಹೋದ ವರ್ಷ ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲ್‌ನವರ ಸೈಟ್ ನೋಡಿದೆ. ಪುಟದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು, ಯಾಕೆಂದರೆ ಆ ಫಾಂಟನ್ನೂ ಸೈಟ್ ಒಳಗೇ ಇಟ್ಟಿದ್ದರು. ಲಿಂಕನ್ನು ಪೇಜ್‌ಗೆ ಹಾಕಿದಾಗ ಮಾತ್ರ ಇಡ್ಲಿಯ ಫೋಟೊ ಕೆಳಗೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಅವರ ಹೋಟೆಲ್ ಹೆಸರನ್ನು ಅವರೇ ಓದಲಾಗದು. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗದು. ಪೂರ್ತಿ ಯುನಿಕೋಡ್‌ಗೆ, ಅಂದರೆ ಎಲ್ಲಾ ಫೋನ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ ಬದಲಿಸಿಕೊಟ್ಟೆ. ಹಳೇ ಬರಹವನ್ನು ಯುನಿಕೋಡ್ ಮಾಡುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಮಾತ್ರ ಒಮ್ಮೆ ಕಣ್ಣಾಡಿಸಿ.

ರೇಷ್ಮೆ ಸೀರೆ, ಶಿಡ್ಲಘಟ್ಟ

ಎಲ್ಲರೂ ಹೇಗೆ ಸೇರಿಸಬೇಕು ಅಂತ ಹೇಳಿದ್ದೀರಿ. ಅಕ್ಕ, ಸೇರಿಸುವ ಮುಂಚೆ ಒಂದು ನೋಡಿ. ಪೇಜ್ ಯಾರ ಹೆಸರಲ್ಲಿದೆ? ಡೊಮೈನ್, ಅಂದರೆ ವೆಬ್‌ಸೈಟ್‌ನ ವಿಳಾಸ, ಯಾರ ಹೆಸರಲ್ಲಿದೆ?

ನಮ್ಮದು ರೀಲಿಂಗ್ ಮಾಡುತ್ತಿದ್ದ ಮನೆ. ಈಗ ನೇಯಿಸಿ ಸೀರೆ ಮಾರುತ್ತೇವೆ. ಐದು ವರ್ಷದ ಹಿಂದೆ ಒಬ್ಬರಿಗೆ ಎಲ್ಲಾ ವಹಿಸಿದ್ದೆವು. ಅವರು ತಮ್ಮ ಸ್ವಂತ ಐಡಿಯಿಂದ ಪೇಜ್ ತೆರೆದರು, ತಮ್ಮ ಇಮೇಲ್‌ನಿಂದ ಡೊಮೈನ್ ತೆಗೆದರು. ನಮಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಮಾತ್ರ ಇತ್ತು. ಅದು ಕಡಿಮೆ ಅಂತಲೂ ಆಗ ಗೊತ್ತಿರಲಿಲ್ಲ. ಆಮೇಲೆ ಅವರು ಬೇರೆ ಕೆಲಸಕ್ಕೆ ಹೋದರು, ನಂಬರ್ ಬದಲಾಯಿತು. ಡೊಮೈನ್ ಅವಧಿ ಮುಗಿದ ಎಚ್ಚರಿಕೆಗಳೆಲ್ಲ ಅವರ ಇಮೇಲ್‌ಗೇ ಹೋದವು. ಒಂದು ಬೆಳಿಗ್ಗೆ ನಮ್ಮ ಪೇಜ್‌ನಲ್ಲಿದ್ದ ವೆಬ್‌ಸೈಟ್ ಬಟನ್ ಒತ್ತಿದರೆ ಯಾವುದೋ ಜೂಜಿನ ಸೈಟ್ ತೆರೆಯಿತು. ಆ ಹೆಸರನ್ನು ಬೇರೆಯವರು ಕೊಂಡುಬಿಟ್ಟಿದ್ದರು. ಪೇಜ್‌ನಿಂದ ಆ ಲಿಂಕ್ ತೆಗೆಯೋಣ ಅಂದರೆ ನಮಗೆ ಅಧಿಕಾರ ಇಲ್ಲ. ಮದುವೆ ಸೀರೆಗೆ ಅಂತ ಬಂದವರು ಅದನ್ನು ನೋಡಿದ್ದಾರೆ. ಮನೆಯವರೆಲ್ಲ ಅವತ್ತು ಊಟ ಮಾಡಲಿಲ್ಲ.

ಹೊಸ ಪೇಜ್, ಹೊಸ ಹೆಸರು, ಮೊದಲಿನಿಂದ ಶುರು. ಈಗ ಪೇಜ್‌ನ ಫುಲ್ ಕಂಟ್ರೋಲ್ ನನಗೂ ನನ್ನ ತಮ್ಮನಿಗೂ ಇದೆ. ಇಬ್ಬರಿಗೂ ಟು ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ಭದ್ರತೆ, ಹಾಕಿದ್ದೇವೆ. ಬೇರೆಯವರಿಗೆ ಬೇಕಾದಷ್ಟು ಕೆಲಸ ಮಾತ್ರ ಕೊಟ್ಟಿದ್ದೇವೆ. ಡೊಮೈನ್ ನಮ್ಮ ಇಮೇಲ್‌ನಲ್ಲಿದೆ. ಮೆಟಾ ಬಿಸಿನೆಸ್ ಸೆಟ್ಟಿಂಗ್‌ನಲ್ಲಿ ಡೊಮೈನ್ ವೆರಿಫಿಕೇಶನ್ ಅಂತ ಇದೆ, ಅದನ್ನೂ ಮಾಡಿದೆವು. ಈ ಸೈಟ್ ನಮ್ಮದೇ ಅಂತ ಅವರಿಗೆ ತೋರಿಸಿಕೊಡುವುದು. ಡೊಮೈನ್‌ನ ಡಿಎನ್‌ಎಸ್‌ನಲ್ಲಿ (ಆ ಹೆಸರು ಯಾವ ಸೈಟ್‌ಗೆ ಹೋಗಬೇಕು ಅಂತ ಬರೆದಿಡುವ ಸೆಟ್ಟಿಂಗ್) ಅವರು ಕೊಟ್ಟ ಒಂದು ಸಾಲು ಸೇರಿಸಿದರೆ ಆಯಿತು.

ಸೈಟ್ ಲಿಂಕ್ ಹಾಕಿ ಪೇಜ್ ಸ್ವಲ್ಪ ಬೆಳೆಯುತ್ತಿದ್ದ ಹಾಗೇ ಮೆಸೆಂಜರ್‌ಗೆ ಬೆದರಿಕೆ ಬರುತ್ತದೆ. ನಿಯಮ ಮುರಿದಿದ್ದೀರಿ, 24 ಗಂಟೆಯಲ್ಲಿ ಪೇಜ್ ತೆಗೆಯುತ್ತೇವೆ, ಇಲ್ಲಿ ಲಾಗಿನ್ ಆಗಿ ಅಂತ. ಮೆಟಾ ಲೋಗೋ ಬೇರೆ ಇರುತ್ತದೆ. ಅದು ಮೋಸ. ಆ ಲಿಂಕ್ ಮುಟ್ಟಲೇಬೇಡಿ. ಯಾರಾದರೂ ಮುಟ್ಟಿ ದುಡ್ಡು ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಮರದ ಗಾಣ, ತಿಪಟೂರು

ಇದನ್ನು ಓದಿ ಎದೆ ಧಸಕ್ ಅಂದಿತು. ಪೇಜ್ ನನ್ನದೇ ಐಡಿಯಲ್ಲಿದೆ. ಡೊಮೈನ್ ಯಾರ ಹೆಸರಲ್ಲಿದೆ ಅಂತ ಇವತ್ತೇ ಕೇಳುತ್ತೇನೆ. ಒಂದು ಕೇಳಲಾ? ಮಗಳು ಇನ್‌ಸ್ಟಾಗ್ರಾಂ ಫೋಟೊಗಳೆಲ್ಲ ವೆಬ್‌ಸೈಟ್‌ನಲ್ಲೇ ಕಾಣುವ ಹಾಗೆ ಮಾಡೋಣ ಅನ್ನುತ್ತಿದ್ದಾಳೆ.

ಹೋಂಸ್ಟೇ, ನಂದಿ ಬೆಟ್ಟದ ಹತ್ತಿರ

ಬೇಡ ಅಂತ ನನ್ನ ಅಭಿಪ್ರಾಯ. ನಾವು ಮಾಡಿದ್ದೆವು. ಬೆಟ್ಟದ ಸೂರ್ಯೋದಯದ ಫೋಟೊಗಳು ಸೈಟ್‌ನ ಮುಖಪುಟದಲ್ಲೇ ತಾನಾಗಿ ಬರುತ್ತಿದ್ದವು, ನೋಡಲು ಬಹಳ ಚೆಂದ. 2024ರ ಡಿಸೆಂಬರ್ 4ಕ್ಕೆ ಮೆಟಾ ಇನ್‌ಸ್ಟಾಗ್ರಾಂನ ಹಳೇ ಸಂಪರ್ಕ ವ್ಯವಸ್ಥೆಯೊಂದನ್ನು ಮುಚ್ಚಿತು. ನಮ್ಮ ಪ್ಲಗಿನ್ ಅದರ ಮೇಲೇ ನಿಂತಿತ್ತು. ವರ್ಷದ ಕೊನೆ, ಬುಕಿಂಗ್ ಜಾಸ್ತಿ ಇರುವ ಸಮಯ, ಫೋಟೊ ಇದ್ದ ಜಾಗದಲ್ಲಿ ಖಾಲಿ ಗೂಡುಗಳು. ಈಗಲೂ ಹಾಗೆ ಜೋಡಿಸಬಹುದು, ಆದರೆ ಅಕೌಂಟ್ ಬಿಸಿನೆಸ್ ಅಥವಾ ಕ್ರಿಯೇಟರ್ ಆಗಿರಬೇಕು. ಮಗಳ ಹತ್ತಿರ ಅದನ್ನು ಕೇಳಿ.

ಅದಕ್ಕಿಂತ ದೊಡ್ಡ ವಿಷಯ ವೇಗ. ಅಷ್ಟೂ ಫೋಟೊ ಬೇರೆ ಕಡೆಯಿಂದ ಬರಬೇಕು. ನಮ್ಮಲ್ಲಿಗೆ ಬರುವವರು ಬೆಟ್ಟದ ತಿರುವಿನಲ್ಲಿ ನಿಂತು, ನೆಟ್‌ವರ್ಕ್ ಒಂದೇ ಕಡ್ಡಿ ಇರುವಾಗ ದಾರಿ ನೋಡಲು ಸೈಟ್ ತೆರೆಯುತ್ತಾರೆ. ಫೋನ್ ನಂಬರ್ ಕಾಣುವ ಮುಂಚೆಯೇ ಅವರ ತಾಳ್ಮೆ ಮುಗಿಯುತ್ತದೆ. ಈಗ ನಾವು ಆರು ಒಳ್ಳೆಯ ಫೋಟೊ ಸೈಟ್‌ನಲ್ಲೇ ಇಟ್ಟಿದ್ದೇವೆ, ಕೆಳಗೆ ಇನ್ನಷ್ಟು ಫೋಟೊಗೆ ಇನ್‌ಸ್ಟಾಗ್ರಾಂ ಅಂತ ಒಂದು ಲಿಂಕ್. ಫೇಸ್‌ಬುಕ್ ಪೇಜನ್ನು ಸೈಟ್ ಒಳಗೆ ಕೂರಿಸುವ ಪೇಜ್ ಪ್ಲಗಿನ್ ಬಗ್ಗೆಯೂ ನಾನು ಇದನ್ನೇ ಹೇಳುತ್ತೇನೆ.

ಇನ್‌ಸ್ಟಾಗ್ರಾಂ ಪೋಸ್ಟ್ ಕೆಳಗಿನ ಬರಹದಲ್ಲಿ ವೆಬ್‌ಸೈಟ್ ವಿಳಾಸ ಹಾಕಿ ಪ್ರಯೋಜನ ಇಲ್ಲ, ಒತ್ತಿದರೆ ತೆರೆಯುವುದಿಲ್ಲ. ಲಿಂಕ್ ಬಯೋದಲ್ಲಿ ಇರಬೇಕು. ಅಲ್ಲಿ 2023ರಿಂದ ಐದು ಲಿಂಕ್‌ವರೆಗೂ ಹಾಕಬಹುದು.

ಟೊಮೆಟೊ ಸಸಿ ನರ್ಸರಿ, ಕೋಲಾರ

ಹೋಂಸ್ಟೇಯವರ ಮಾತು ಅವರಿಗೆ ಸರಿ. ಆದರೆ ನಾವು ಪೇಜ್ ಪ್ಲಗಿನ್ ಇಟ್ಟುಕೊಂಡಿದ್ದೇವೆ. ಯಾವ ತಳಿಯ ಸಸಿ ಇವತ್ತು ಸಿದ್ಧ ಇದೆ ಅಂತ ದಿನಾ ಪೇಜ್‌ನಲ್ಲಿ ಬರೆಯುತ್ತೇವೆ. ಸೈಟ್‌ಗೆ ಬಂದವರಿಗೂ ಅದು ಕಾಣುತ್ತದೆ, ಎರಡು ಸಲ ಬರೆಯುವ ಕೆಲಸ ತಪ್ಪಿತು. ದಿನಾ ಪೋಸ್ಟ್ ಹಾಕುವವರಿಗೆ ಮಾತ್ರ ಇದು. ಸಂಕ್ರಾಂತಿ ಶುಭಾಶಯದ ಪೋಸ್ಟು ಆಷಾಢದಲ್ಲೂ ಮೇಲೇ ಕಂಡರೆ ಅಂಗಡಿ ಮುಚ್ಚಿದೆ ಅಂದುಕೊಳ್ಳುತ್ತಾರೆ.

ಡಿಟಿಪಿ ಮತ್ತು ವೆಬ್ ಕೆಲಸ, ತುಮಕೂರು

ಪೇಜ್‌ಗೆ ಒಂದು ಯೂಸರ್‌ನೇಮ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಿಳಾಸದಲ್ಲಿ ಉದ್ದದ ನಂಬರ್ ಇರುತ್ತದೆ, ಬಾಟಲಿ ಲೇಬಲ್ ಮೇಲೆ ಮುದ್ರಿಸಲು ಆಗುವುದಿಲ್ಲ. ಇನ್‌ಸ್ಟಾಗ್ರಾಂನಲ್ಲೂ ಅದೇ ಹೆಸರು ಸಿಕ್ಕರೆ ಇನ್ನೂ ಒಳ್ಳೆಯದು. ಯೂಸರ್‌ನೇಮ್ ಇಟ್ಟ ಮೇಲೆ ವೆಬ್‌ಸೈಟ್‌ನ ಐಕಾನ್ ಲಿಂಕನ್ನೂ ಹೊಸ ವಿಳಾಸಕ್ಕೆ ಬದಲಿಸಿ.

ಮರದ ಗಾಣ, ತಿಪಟೂರು

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಫೇಸ್‌ಬುಕ್ ಐಕಾನ್ ನಮ್ಮದೂ ಮುಖಪುಟಕ್ಕೇ ಹೋಗುತ್ತಿತ್ತು. ಪಕ್ಕದ ಮನೆಯವರ ಫೋನ್‌ನಲ್ಲಿ ಒತ್ತಿ ನೋಡಿದಾಗ ಗೊತ್ತಾಯಿತು. ಸರಿಮಾಡಿದೆ. ಪೇಜ್‌ನಲ್ಲಿ ವೆಬ್‌ಸೈಟ್ ಹಾಕಿದೆ, ಬಟನ್ ವಾಟ್ಸಾಪ್‌ಗೆ ಇಟ್ಟೆ. ಡೊಮೈನ್ ಸೈಟ್ ಮಾಡಿದವರ ಹೆಸರಲ್ಲೇ ಇತ್ತು. ಕೇಳಿದ್ದಕ್ಕೆ ಬೇಜಾರಿಲ್ಲದೆ ಒಪ್ಪಿಕೊಂಡರು, ನಮ್ಮ ಇಮೇಲ್‌ಗೆ ವರ್ಗಾವಣೆ ನಡೆಯುತ್ತಿದೆ. ಶಿಡ್ಲಘಟ್ಟದ ತಂಗಿ, ನೀವು ಹೇಳದಿದ್ದರೆ ನಾನು ಇದನ್ನು ಯಾವತ್ತೂ ಕೇಳುತ್ತಿರಲಿಲ್ಲ.

ಡಿಬಗರ್‌ನಲ್ಲಿ ಎರಡು ಸಲ ಒತ್ತಿದ ಮೇಲೆ ಬೂದು ಚೌಕ ಹೋಯಿತು. ಈಗ ಗಾಣದ ಫೋಟೊ ಬರುತ್ತಿದೆ, ಕೆಳಗೆ ಕನ್ನಡವೂ ಸರಿಯಾಗಿ ಬಂದಿದೆ. ಆದರೆ ನಾವು ಕೊಟ್ಟಿದ್ದು ಉದ್ದಕ್ಕೆ ತೆಗೆದ ಫೋಟೊ. ಗಾಣದ ತಲೆಯೂ ಕಾಣುವುದಿಲ್ಲ, ಕೆಳಗೆ ಎಣ್ಣೆ ಬೀಳುವ ಪಾತ್ರೆಯೂ ಕಾಣುವುದಿಲ್ಲ, ನಡುವಿನ ಮರ ಮಾತ್ರ ಇದೆ. ಬೆಳಿಗ್ಗೆ ಕೊಬ್ಬರಿ ಹಾಕಿದಾಗ ಮಗಳು ಫೋನ್ ಅಡ್ಡ ಹಿಡಿದು ಇನ್ನೊಂದು ತೆಗೆಯುತ್ತಾಳಂತೆ.